ಕಲ್ಲಲ್ಲಿ ಕಟ್ಟಿದ ಗಾಳಿಗೋಪುರ

"ಗಾಳಿಗೋಪುರ ಕಟ್ಟುತ್ತಾ ಕೂರಬೇಡ, ಎದ್ದು ಕೆಲಸ ನೋಡು" ಎಂದು ಮಕ್ಕಳನ್ನು ಗದರಿಸದ ತಾಯಂದಿರು ನಮ್ಮಲ್ಲಿ ಕಡಿಮೆ. ಆದರೆ ಗ್ರೀಸ್ ದೇಶದ ರಾಜಧಾನಿ ಅಥೆನ್ಸ್‌ನಲ್ಲಿ ನಿಜವಾಗಿಯೂ ಒಂದು ಗಾಳಿಗೋಪುರವಿದೆ. ಎರಡು ಸಾವಿರ ವರ್ಷಗಳಿಂದ ನಿಂತ ಜಾಗದಿಂದ ಕದಲಿಲ್ಲ. ಅಲ್ಲಿನ ಜನ ಅದನ್ನು 'ಏರಿದೆಸ್' ಎನ್ನುತ್ತಾರೆ. ಹಾಗೆಂದರೆ 'ಗಾಳಿಗಳು' ಎಂದರ್ಥ.

ಅಥೆನ್ಸ್‌ಗೆ ಹೋದವರೆಲ್ಲ ಬೆಟ್ಟದ ಮೇಲಿರುವ ಪಾರ್ಥೆನಾನ್ ದೇಗುಲ ನೋಡಲು ಸರದಿಯಲ್ಲಿ ನಿಲ್ಲುತ್ತಾರೆ. ಗಾಳಿಗೋಪುರ ಇರುವುದು ಅದೇ ಬೆಟ್ಟದ ಉತ್ತರದ ತಪ್ಪಲಿನಲ್ಲಿ, ರೋಮನ್ನರ ಕಾಲದ ಹಳೆಯ ಪೇಟೆಯ ಅವಶೇಷಗಳ ಪಕ್ಕ. ಅಲ್ಲಿಂದ ಹೊರಟು ನಗರದ ನಡುವೆ ನೇರವಾಗಿ ಸಾಗುವ ಬೀದಿಯ ಹೆಸರು ಐಯೋಲೊಸ್ ಬೀದಿ. ಬಟ್ಟೆ ಅಂಗಡಿಗಳೂ ಕಾಫಿ ಅಂಗಡಿಗಳೂ ತುಂಬಿರುವ ಬೀದಿ ಅದು. 1830ರ ದಶಕದಲ್ಲಿ ಹೊಸ ಅಥೆನ್ಸ್ ನಗರದ ನಕ್ಷೆ ಹಾಕಿದಾಗ ಮೊದಲು ತೆರೆದ ರಸ್ತೆಗಳಲ್ಲೊಂದು. ಐಯೋಲೊಸ್ ಎಂದರೆ ಹಳೆಯ ಗ್ರೀಕ್ ಕಥೆಗಳಲ್ಲಿ ಗಾಳಿಗಳ ಒಡೆಯ. ಬೀದಿಗೆ ಆ ಹೆಸರು ಬಂದದ್ದು ಈ ಗೋಪುರದಿಂದ.

ನಾವು ಹೋದದ್ದು ಜುಲೈ ತಿಂಗಳಲ್ಲಿ. ಬಿಸಿಲು ಸುಡುತ್ತಿದ್ದರೂ ಉತ್ತರದಿಂದ ಬೀಸುವ ಗಾಳಿಗೆ ಬಿಡುವೇ ಇರಲಿಲ್ಲ. ನನಗೂ ಮಗಳಿಗೂ ತಲೆವಸ್ತ್ರಕ್ಕೆ ಎಷ್ಟು ಪಿನ್ನು ಚುಚ್ಚಿದರೂ ಸಾಲದು! ಹಾಗೆ ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡೇ ಗೋಪುರದ ಎದುರು ನಿಂತೆವು.

ಸುಮಾರು 12 ಮೀಟರ್ ಎತ್ತರ, ಎಂಟು ಮೂಲೆ, ಎಂಟು ಗೋಡೆ. ಪೂರ್ತಿ ಬಿಳಿ ಅಮೃತಶಿಲೆ, ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಕ್ರಿಸ್ತಪೂರ್ವ ಒಂದನೇ ಶತಮಾನದ ಹೊತ್ತಿಗೆ ಇದನ್ನು ಕಟ್ಟಿಸಿದವನು ಆಂಡ್ರೊನಿಕೋಸ್ ಎಂಬ ಖಗೋಳ ಶಾಸ್ತ್ರಜ್ಞ. ಎಂಟು ಗೋಡೆಗಳು ಎಂಟು ದಿಕ್ಕಿಗೆ ಮುಖ ಮಾಡಿವೆ. ಪ್ರತಿ ಗೋಡೆಯ ಮೇಲ್ಭಾಗದಲ್ಲಿ ರೆಕ್ಕೆ ಬಿಚ್ಚಿ ಅಡ್ಡಡ್ಡ ಹಾರುತ್ತಿರುವ ಒಬ್ಬೊಬ್ಬ ಗಂಡಸಿನ ಉಬ್ಬುಶಿಲ್ಪವಿದೆ, ಮೇಲೆ ಹೆಸರನ್ನೂ ಕೊರೆದಿದ್ದಾರೆ. ಆ ಎಂಟು ಮಂದಿ ಎಂಟು ಗಾಳಿಗಳು.

ಉತ್ತರದವನು ಬೊರೆಯಾಸ್. ಗಡ್ಡಧಾರಿ, ದಪ್ಪ ಕಂಬಳಿಯಂಥ ಬಟ್ಟೆ ಹೊದ್ದಿದ್ದಾನೆ, ಬಾಯಿಗೆ ಶಂಖ ಹಿಡಿದಿದ್ದಾನೆ. ಆ ಶಂಖದ ಸದ್ದೇ ಚಳಿಗಾಳಿಯ ಊಳು. ಈಶಾನ್ಯದ ಕೈಕಿಯಾಸ್‌ನ ಕೈಯಲ್ಲೊಂದು ಗುರಾಣಿ, ಅದರ ತುಂಬ ಆಲಿಕಲ್ಲು, ಕೆಳಗಿರುವವರ ಮೇಲೆ ಸುರಿಯಲು ಸಿದ್ಧವಾಗಿದ್ದಾನೆ. ಪೂರ್ವದ ಅಪೆಲಿಯೋಟೆಸ್ ಗಡ್ಡವಿಲ್ಲದ ಯುವಕ, ಬಟ್ಟೆಯ ಮಡಿಲಲ್ಲಿ ಹಣ್ಣು ಮತ್ತು ತೆನೆ. ಆಗ್ನೇಯದ ಎವ್ರೊಸ್ ಮುದುಕ, ಮೈತುಂಬ ಬಟ್ಟೆ ಸುತ್ತಿಕೊಂಡಿದ್ದಾನೆ. ದಕ್ಷಿಣದ ನೊಟೊಸ್ ಕೊಡವೊಂದನ್ನು ಬೋರಲು ಹಾಕಿ ನೀರು ಸುರಿಯುತ್ತಿದ್ದಾನೆ. ಮಳೆ ತರುವವನು ಅವನೇ. ನೈರುತ್ಯದ ಲಿಪ್ಸ್ ಹಡಗಿನ ಹಿಂಭಾಗದ ಅಲಂಕಾರವನ್ನು ಹಿಡಿದಿದ್ದಾನೆ. ಪಶ್ಚಿಮದ ಜೆಫಿರೊಸ್ ಬರಿಗಾಲಲ್ಲಿ ತೇಲುತ್ತ ಮಡಿಲ ತುಂಬ ಹೂ ಹೊತ್ತಿದ್ದಾನೆ. ವಾಯವ್ಯದ ಸ್ಕೀರೊನ್ ಕೆಂಡದ ಪಾತ್ರೆ ಬಗ್ಗಿಸುತ್ತಿದ್ದಾನೆ.

ನೋಡುತ್ತ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ಎವ್ರೊಸ್‌ನನ್ನು ಬಿಟ್ಟರೆ ಒಬ್ಬರ ಕೈಯೂ ಖಾಲಿಯಿಲ್ಲ. ಗಾಳಿಯನ್ನು ಕಣ್ಣಿನಿಂದ ಕಾಣಲಾಗದು, ಆದರೆ ಅದು ತಂದು ಹಾಕುವುದನ್ನು ಕಾಣಬಹುದು: ನೀರು, ಆಲಿಕಲ್ಲು, ತೆನೆ, ಹೂ. ಶಿಲ್ಪಿ ಕೆತ್ತಿದ್ದು ಅದನ್ನೇ. ರೈತನ ಮನೆಯ ಹೆಂಗಸು ಅಂಗಳದಲ್ಲಿ ನಿಂತು ಆಕಾಶ ನೋಡಿ ಲೆಕ್ಕ ಹಾಕುವುದೂ ಇದನ್ನೇ ಅಲ್ಲವೇ?

ಹೆಸರುಗಳಲ್ಲೂ ಇಂಥದೇ ಲೆಕ್ಕವಿದೆ. ಪೂರ್ವದ ಗಾಳಿ 'ಅಪೆಲಿಯೋಟೆಸ್' ಎಂದರೆ ಗ್ರೀಕಿನಲ್ಲಿ 'ಸೂರ್ಯನ ಕಡೆಯಿಂದ ಬರುವವನು'. ನಮ್ಮ ಕನ್ನಡದ 'ಮೂಡಣ ಗಾಳಿ'ಯೂ ಅದೇ ತಾನೆ? ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಅರಬಿಯಲ್ಲೂ ಹಾಗೆಯೇ. ಸೂರ್ಯ ಹುಟ್ಟುವ ಕಡೆ ಮಶ್ರಿಕ್, ಮುಳುಗುವ ಕಡೆ ಮಗ್ರಿಬ್. ಸಂಜೆಯ ನಮಾಝಿನ ಹೆಸರೂ ಅಲ್ಲಿಂದಲೇ ಬಂದದ್ದು. ಬೇರೆ ಬೇರೆ ಸಮುದ್ರಗಳ ದಡದಲ್ಲಿದ್ದವರು ದಿಕ್ಕಿಗೆ ಹೆಸರಿಡಲು ನೋಡಿದ್ದು ಒಂದೇ ಸೂರ್ಯನನ್ನು.

ಈ ಎಂಟು ಮಂದಿಯಲ್ಲಿ ಐಯೋಲೊಸ್ ಎಲ್ಲಿ? ಎಲ್ಲೂ ಇಲ್ಲ! ಗೋಪುರದ ಮೇಲೆ ಅವನ ಚಿತ್ರವೇ ಇಲ್ಲ. 15ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಚಿರಿಯಾಕೊ ಇದನ್ನು ಐಯೋಲೊಸ್‌ನ ಗುಡಿ ಎಂದು ಬರೆದಿಟ್ಟ. ಆ ಹೆಸರೇ ಬೀದಿಗೂ ಅಂಟಿತು. ಅಸಲಿಗೆ ಇದು ಗುಡಿಯಾಗಿರಲಿಲ್ಲ, ಗಡಿಯಾರವಾಗಿತ್ತು.

ಐಯೋಲೊಸ್ ಕೂಡ ಮೊದಲಿಗೆ ದೇವರಾಗಿರಲಿಲ್ಲ. ಹೋಮರ್‌ನ 'ಒಡಿಸ್ಸಿ'ಯಲ್ಲಿ ಅವನು ಒಬ್ಬ ರಾಜ, ದೇವರುಗಳಿಗೆ ಬೇಕಾದವನು. ತೇಲುವ ದ್ವೀಪದಲ್ಲಿ ಕಂಚಿನ ಕೋಟೆಯೊಳಗೆ ಸಂಸಾರ ಸಮೇತ ವಾಸ. ಗಾಳಿಗಳ ಉಸ್ತುವಾರಿ ಅವನ ಪಾಲಿಗೆ ಬಂದಿತ್ತು, ಉಗ್ರಾಣದ ಬೀಗದ ಕೈ ಇಟ್ಟುಕೊಂಡ ಹಾಗೆ. ಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ಒಡಿಸ್ಯೂಸ್‌ನನ್ನು ಅವನು ಒಂದು ತಿಂಗಳು ಉಪಚರಿಸಿದ. ಹೊರಡುವಾಗ ಎಲ್ಲ ಬಿರುಗಾಳಿಗಳನ್ನೂ ಎತ್ತಿನ ಚರ್ಮದ ಚೀಲದಲ್ಲಿ ತುಂಬಿ ಬೆಳ್ಳಿಯ ದಾರದಿಂದ ಬಿಗಿದು ಕೊಟ್ಟ. ಪಡುವಣ ಗಾಳಿಯೊಂದನ್ನು ಮಾತ್ರ ಹೊರಗೆ ಬಿಟ್ಟ, ಹಡಗನ್ನು ಊರಿಗೆ ತಲುಪಿಸಲು. ಒಂಬತ್ತು ದಿನ ಕಣ್ಣು ಮುಚ್ಚದೆ ಹಡಗು ನಡೆಸಿದ ಒಡಿಸ್ಯೂಸ್‌ಗೆ ಹತ್ತನೆಯ ದಿನ ತನ್ನೂರಿನ ದಡ ಕಂಡಿತು, ಜನ ಬೆಂಕಿ ಹೊತ್ತಿಸುತ್ತಿದ್ದುದೂ ಕಂಡಿತು. ಆಗ ನಿದ್ದೆ ಹತ್ತಿತು. ಜೊತೆಗಾರರು ಚೀಲದಲ್ಲಿ ಚಿನ್ನವಿರಬೇಕೆಂದು ದಾರ ಬಿಚ್ಚಿದರು. ಗಾಳಿಗಳೆಲ್ಲ ಹೊರನುಗ್ಗಿ ಹಡಗನ್ನು ಹೊರಟಲ್ಲಿಗೇ ಕೊಂಡೊಯ್ದವು. ಎರಡನೇ ಸಲ ಐಯೋಲೊಸ್ ಬಾಗಿಲು ತೆರೆಯಲಿಲ್ಲ.

ಐಯೋಲೊಸ್‌ನನ್ನು ಪೂರ್ತಿ ದೇವರ ಪಟ್ಟಕ್ಕೇರಿಸಿದ್ದು ನಂತರದ ಕಾಲದ ಜನ. ಅವನ ದ್ವೀಪ ಯಾವುದೆಂದು ಹುಡುಕಿ, ಇಟಲಿಯ ಸಿಸಿಲಿಯ ಉತ್ತರದ ಏಳು ಜ್ವಾಲಾಮುಖಿ ದ್ವೀಪಗಳಿಗೆ ಅವನ ಹೆಸರಿಟ್ಟರು. ಲಿಪಾರಿ, ಸ್ಟ್ರಾಂಬೊಲಿ ಮುಂತಾದ ಆ ದ್ವೀಪಗಳು ಈಗಲೂ ಇಯೋಲಿಯನ್ ದ್ವೀಪಗಳೇ.

ಐಯೋಲೊಸ್ ಬರಿಯ ಉಸ್ತುವಾರಿಯವನು. ಗ್ರೀಕರು ನಿಜವಾಗಿ ಹೆದರಿ ಬೇಡಿಕೊಂಡದ್ದು ಬೊರೆಯಾಸ್‌ಗೆ. ಅಥೆನ್ಸ್‌ನವರು ಅವನನ್ನು 'ನಮ್ಮ ಅಳಿಯ' ಎನ್ನುತ್ತಿದ್ದರು. ಅಳಿಯನಾದದ್ದು ಹೇಗೆ ಗೊತ್ತೇ? ಇಲಿಸ್ಸೊಸ್ ನದಿಯ ದಡದಲ್ಲಿ ಆಡುತ್ತಿದ್ದ ಅಥೆನ್ಸ್‌ನ ರಾಜಕುಮಾರಿ ಒರೈಥಿಯಾಳನ್ನು ಅವನು ಹೊತ್ತೊಯ್ದನಂತೆ. ಅಪಹರಿಸಿದವನೇ ಅಳಿಯ! ಆ ಹುಡುಗಿ ಒಪ್ಪಿದ್ದಳೇ ಎಂದು ಕಥೆ ಹೇಳಿದವರು ಕೇಳಿದಂತಿಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊಡ್ಡ ನೌಕಾಪಡೆ ದಂಡೆತ್ತಿ ಬಂದಾಗ, ಅಳಿಯನ ಸಹಾಯ ಕೇಳಿ ಎಂದು ಭವಿಷ್ಯವಾಣಿಯಾಯಿತು. ಅಥೆನ್ಸ್‌ನವರು ಕೇಳಿದರು. ಬಿರುಗಾಳಿ ಎದ್ದು ಕನಿಷ್ಠ 400 ಹಡಗುಗಳು ನಾಶವಾದವು ಎಂದು ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಕೃತಜ್ಞತೆಗಾಗಿ ಅದೇ ನದಿಯ ದಡದಲ್ಲಿ ಬೊರೆಯಾಸ್‌ಗೆ ಗುಡಿ ಕಟ್ಟಿಸಿದರಂತೆ.

ಹೆರೊಡೊಟಸ್ ಮಾತ್ರ ಜಾಣ. ಇದರಿಂದಲೇ ಬಿರುಗಾಳಿ ಎದ್ದಿತೇ ಎಂಬುದನ್ನು ತಾನು ಹೇಳಲಾರೆ ಎನ್ನುತ್ತಾನೆ. ಪರ್ಷಿಯನ್ನರ ಪುರೋಹಿತರೂ ಗಾಳಿ ಶಾಂತವಾಗಲೆಂದು ಮಂತ್ರ ಹೇಳಿ ಬಲಿ ಕೊಟ್ಟರು, ನಾಲ್ಕನೆಯ ದಿನ ಗಾಳಿ ನಿಂತಿತು. ಅಥವಾ ಅದಾಗಿಯೇ ನಿಂತಿತೋ ಏನೋ ಎಂದು ಮೆಲ್ಲಗೆ ಒಂದು ಮಾತು ಸೇರಿಸುತ್ತಾನೆ. ಬೊರೆಯಾಸ್‌ನನ್ನು ನಂಬಿದ ಜನರ ನಡುವೆಯೇ ಸಂಶಯದ ಈ ಸಣ್ಣ ಮಾತು ಹುಟ್ಟಿತ್ತೆಂಬುದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ಏಕೆಂದರೆ ಗಾಳಿಯ ಭಯ ಆ ಜನರಿಂದ ಏನೇನೋ ಮಾಡಿಸುತ್ತದೆ. ಟ್ರಾಯ್ ಯುದ್ಧಕ್ಕೆ ಹೊರಟ ಹಡಗುಗಳು ಔಲಿಸ್ ಎಂಬ ಬಂದರಿನಲ್ಲಿ ಗಾಳಿಯಿಂದ ಸಿಕ್ಕಿಬಿದ್ದಾಗ, ಸೇನಾಪತಿ ಅಗಮೆಮ್ನಾನ್ ದೇವತೆಯ ಕೋಪ ತಣಿಸಲು ಸ್ವಂತ ಮಗಳು ಇಫಿಜೀನಿಯಾಳನ್ನು ಬಲಿಪೀಠಕ್ಕೆ ಕರೆತಂದ ಕಥೆಯೂ ಇದೇ ನಾಡಿನದು. ಮದುವೆ ಮಾಡಿಸುವುದಾಗಿ ಸುಳ್ಳು ಹೇಳಿ ಕರೆಸಿದ್ದ. ದೇವತೆ ಕೊನೆಯ ಕ್ಷಣದಲ್ಲಿ ಅವಳ ಬದಲು ಜಿಂಕೆಯನ್ನಿಟ್ಟಳು ಎನ್ನುವ ಪಾಠವೂ ಇದೆ. ಆದರೆ ಮಗಳನ್ನು ಕರೆಸಿದ್ದಂತೂ ಹೌದು.

ಈಗ ಮತ್ತೆ ಗೋಪುರದ ಗೋಡೆ ನೋಡಿ. ರೆಕ್ಕೆಯ ಆಕೃತಿಗಳ ಕೆಳಗೆ, ಬಿಸಿಲಿಗೆ ಓರೆಯಾಗಿ ನಿಂತರೆ, ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಗೆರೆಗಳು ಕಾಣುತ್ತವೆ. ಅವು ಬಿಸಿಲು ಗಡಿಯಾರದ ಗೆರೆಗಳು, ಎಂಟೂ ಗೋಡೆಗಳಲ್ಲಿ ಇವೆ. ಲೋಹದ ಸಲಾಕೆಯ ನೆರಳು ಯಾವ ಗೆರೆಯ ಮೇಲೆ ಬಿತ್ತೆಂದು ನೋಡಿ ಪೇಟೆಯ ಜನ ಹೊತ್ತು ತಿಳಿಯುತ್ತಿದ್ದರು. ಮೋಡ ಕವಿದ ದಿನಕ್ಕೆ ಮತ್ತು ರಾತ್ರಿಗೆ ಒಳಗಡೆ ನೀರು ಗಡಿಯಾರವಿತ್ತು. ಅದರ ಕಾಲುವೆಗಳೂ ತೂತುಗಳೂ ನೆಲಗಲ್ಲಿನಲ್ಲಿ ಈಗಲೂ ಇವೆ. ತುತ್ತತುದಿಯಲ್ಲಿ ಕಂಚಿನ ಆಕೃತಿಯೊಂದು ಕೈಯಲ್ಲಿ ಕೋಲು ಹಿಡಿದು ತಿರುಗುತ್ತಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಗಾಳಿಯ ಚಿತ್ರದ ಮೇಲೆ ಕೋಲು ನಿಲ್ಲುತ್ತಿತ್ತು ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ವಿವರಿಸಿದ್ದಾನೆ. ಕಂಚಿನವನು ಎಂದೋ ಕಾಣೆಯಾದ. ಒಂದೇ ಗೋಡೆಯಲ್ಲಿ ಮೇಲೆ ಗಾಳಿಯ ದೇವರು, ಕೆಳಗೆ ಅಳತೆಯ ಗೆರೆ. ಆಂಡ್ರೊನಿಕೋಸ್ ದೇವರುಗಳನ್ನು ಅಳಿಸಲಿಲ್ಲ, ದಿಕ್ಕು ತೋರಿಸುವ ಕೆಲಸಕ್ಕೆ ಹಚ್ಚಿದ.

ಇಷ್ಟಕ್ಕೇ ಮುಗಿದಿದ್ದರೆ ಇದೂ ಒಂದು ಪುರಾತನ ಕಟ್ಟಡ ಎಂದು ಮುಂದೆ ಹೋಗುತ್ತಿದ್ದೆವೇನೋ. ಒಳಗೆ ಇಣುಕಿದ ಮಗಳು "ಉಮ್ಮಾ, ಇಲ್ಲಿ ಮಿಹ್ರಾಬ್ ಇದೆ!" ಎಂದು ಕೂಗಿದಳು. ನಾನು ನಂಬಲಿಲ್ಲ. ಹೋಗಿ ನೋಡಿದರೆ ನಿಜ.

ಅಥೆನ್ಸ್ 15ನೇ ಶತಮಾನದಲ್ಲಿ ಉಸ್ಮಾನಿಯಾ ತುರ್ಕರ ಕೈಸೇರಿತು. ಗ್ರೀಕರ ಗಾಳಿಗೋಪುರ ಅದಕ್ಕೂ ಮೊದಲು ಕ್ರೈಸ್ತರ ಪ್ರಾರ್ಥನಾ ಸ್ಥಳವಾಗಿ ಬಳಕೆಯಾಗಿತ್ತು. 18ನೇ ಶತಮಾನದಲ್ಲಿ ಅದು ಸೂಫಿ ದರ್ವೇಶಿಗಳ 'ತೆಕ್ಕೆ'ಯಾಯಿತು. ತುರ್ಕಿಯ ತೆಕ್ಕೆ ಎಂದರೆ ನಮ್ಮ ಕಡೆಯ ಖಾನ್‌ಕಾಹ್ ಇದ್ದಂತೆ. (ಕನ್ನಡದ ತೆಕ್ಕೆಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಹಳೆಯ ಗೋಪುರವನ್ನು ಅವರು ತೆಕ್ಕೆಗೆ ತೆಗೆದುಕೊಂಡರು ಎಂದರೆ ತಪ್ಪಾಗಲಾರದು.) ಅವರು ಅಲ್ಲಿ ದ್ಸಿಕ್ರ್ ಮಾಡುತ್ತಿದ್ದರು. 19ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಎಡ್ವರ್ಡ್ ಡಾಡ್‌ವೆಲ್ ಆ ದೃಶ್ಯದ ಚಿತ್ರವನ್ನೇ ಮಾಡಿದ್ದಾನೆ.

ಅಥೆನ್ಸ್‌ನಿಂದ ಮಕ್ಕಾ ಇರುವುದು ಹೆಚ್ಚುಕಡಿಮೆ ನೇರ ಆಗ್ನೇಯಕ್ಕೆ. ಎಂಟು ದಿಕ್ಕಿಗೆ ಎಂಟು ಗೋಡೆಯಿರುವ ಕಟ್ಟಡದಲ್ಲಿ ಕಿಬ್ಲಾ ಹುಡುಕಲು ದರ್ವೇಶಿಗಳು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಎವ್ರೊಸ್‌ನ ಗೋಡೆಯೇ ಕಿಬ್ಲಾದ ಗೋಡೆ. ಹೊರಗೆ ಬಟ್ಟೆ ಸುತ್ತಿಕೊಂಡ ಆ ಮುದುಕ ಹಾರುತ್ತಲೇ ಇದ್ದ, ಒಳಗೆ ಜನ ಗಾಳಿಯ ಸೃಷ್ಟಿಕರ್ತನಿಗೆ ಸುಜೂದ್ ಮಾಡುತ್ತಿದ್ದರು. ಹೊರಗಿನ ಎಂಟು ಆಕೃತಿಗಳನ್ನು ಅವರು ಕಿತ್ತು ಹಾಕಲಿಲ್ಲ. ಪಾರ್ಥೆನಾನ್‌ನ ಶಿಲ್ಪಗಳನ್ನು ಬ್ರಿಟನ್ನಿಗೆ ಸಾಗಿಸಿದ ಲಾರ್ಡ್ ಎಲ್ಗಿನ್ ಈ ಗೋಪುರದ ಮೇಲೂ ಕಣ್ಣಿಟ್ಟಿದ್ದನೆಂದೂ, ಇದು ದರ್ವೇಶಿಗಳ ಪ್ರಾರ್ಥನಾ ಸ್ಥಳವಾಗಿದ್ದರಿಂದ ಉಳಿಯಿತೆಂದೂ ಹೇಳುತ್ತಾರೆ. ಖಾಲಿ ಬಿದ್ದ ಮನೆಯ ಗತಿ ನಮಗೆಲ್ಲ ಗೊತ್ತು. ಮೊದಲು ಹೆಂಚು ಹೋಗುತ್ತದೆ, ಆಮೇಲೆ ಬಾಗಿಲು, ಆಮೇಲೆ ಕಲ್ಲು. ಈ ಗೋಪುರ ಉಳಿದದ್ದರಲ್ಲಿ ಅದರೊಳಗೆ ದೀಪ ಹಚ್ಚಿದವರ ಪಾಲು ದೊಡ್ಡದು ಎಂದೇ ನನ್ನ ಅಭಿಪ್ರಾಯ.

1821ರಲ್ಲಿ ಗ್ರೀಕರ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ದರ್ವೇಶಿಗಳೂ ಇರಲಿಲ್ಲ, ಅಥೆನ್ಸ್‌ನ ಮುಸ್ಲಿಂ ಮನೆಗಳೂ ಇರಲಿಲ್ಲ. ಅರ್ಧ ಮಣ್ಣಲ್ಲಿ ಹೂತಿದ್ದ ಗೋಪುರವನ್ನು 1837ರಿಂದ 1845ರ ನಡುವೆ ಅಗೆದು ಬಿಡಿಸಿದರು. 2014ರಿಂದ 2016ರವರೆಗೆ ಶುಚಿಗೊಳಿಸಿ ದುರಸ್ತಿ ಮಾಡಿ ಜನರಿಗೆ ತೆರೆದರು. ಆಗ ಕ್ರೈಸ್ತರ ಕಾಲದ ಬಣ್ಣದ ಚಿತ್ರಗಳ ಕುರುಹೂ ಗೋಡೆಯಲ್ಲಿ ಕಂಡಿತು. ಮಿಹ್ರಾಬನ್ನೂ ಹಾಗೆಯೇ ಉಳಿಸಿಕೊಂಡರು, ಅದು ಸಮಾಧಾನದ ವಿಷಯ. ಕೂಗಳತೆಯಲ್ಲಿರುವ 17ನೇ ಶತಮಾನದ ಫೆತಿಹಿಯೆ ಮಸೀದಿ ಸೈನಿಕರ ರೊಟ್ಟಿ ಸುಡುವ ಮನೆಯಾಗಿ, ಪ್ರಾಚ್ಯ ವಸ್ತುಗಳ ಉಗ್ರಾಣವಾಗಿ, ಕೊನೆಗೆ 2017ರಲ್ಲಿ ಪ್ರದರ್ಶನದ ಸ್ಥಳವಾಗಿ ತೆರೆಯಿತು. ನಮಾಝಿಗೆ ಮಾತ್ರ ಅಲ್ಲ. ಅಥೆನ್ಸ್‌ನಲ್ಲಿ ಇಂದು ಬದುಕುತ್ತಿರುವ ವಲಸೆಗಾರ ಮುಸ್ಲಿಮರು ದಶಕಗಳ ಕಾಲ ನೆಲಮಾಳಿಗೆಗಳಲ್ಲೂ ಬಾಡಿಗೆ ಕೋಣೆಗಳಲ್ಲೂ ನಮಾಝ್ ಮಾಡಿದರು. ಸರಕಾರ ಕಟ್ಟಿಸಿದ ಮಸೀದಿ ವೊಟಾನಿಕೋಸ್ ಎಂಬಲ್ಲಿ ತೆರೆದದ್ದು 2020ರ ನವೆಂಬರಿನಲ್ಲಿ. ಮಿನಾರವಿಲ್ಲದ ಸರಳ ಕಟ್ಟಡ, ಸುಮಾರು 350 ಮಂದಿಗೆ ಜಾಗ.

ಗಾಳಿಯ ವಿಷಯದಲ್ಲಿ ಗ್ರೀಕರಿಗೂ ಅರಬರಿಗೂ ಕೊಡುಕೊಳ್ಳುವಿಕೆ ಹಳೆಯದು. ಗಾಳಿ ಹೇಗೆ ಹುಟ್ಟುತ್ತದೆಂದು ಅರಿಸ್ಟಾಟಲ್ ಬರೆದ ಗ್ರಂಥ 9ನೇ ಶತಮಾನದಲ್ಲೇ ಅರಬಿಗೆ ಬಂದಿತ್ತು. ಅರಬರ ಪದಗಳೂ ಮೆಡಿಟರೇನಿಯನ್ ಸಮುದ್ರದ ನಾವಿಕರ ಬಾಯಿಗೆ ಹೋದವು. ಆಫ್ರಿಕಾದ ಮರುಭೂಮಿಯ ಧೂಳು ಹೊತ್ತು ಯುರೋಪಿಗೆ ಬರುವ ಸೆಕೆಗಾಳಿ 'ಸಿರೊಕ್ಕೊ'ದ ಹೆಸರಲ್ಲಿ ಅರಬಿಯ 'ಶರ್ಕ್' ಇದೆ. ಸ್ಪೇನಿನ ಕತಲಾನ್ ಕರಾವಳಿಯ 'ಗರ್ಬಿ' ಗಾಳಿಯಲ್ಲಿ 'ಗರ್ಬ್', ಅಂದರೆ ಪಶ್ಚಿಮ ಇದೆ. ಕೊಲ್ಲಿಯಲ್ಲಿ ದುಡಿದವರಿಗೆ 'ಶಮಾಲ್' ಗೊತ್ತೇ ಇದೆ. ಉತ್ತರ ಎಂಬ ಪದವೇ ಗಾಳಿಯ ಹೆಸರಾಗಿದೆ. ನಮ್ಮವರು ದಮ್ಮಾಮ್‌ನಲ್ಲಿದ್ದ ವರ್ಷಗಳಲ್ಲಿ ಶಮಾಲ್ ಎದ್ದ ದಿನ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು, "ಇವತ್ತು ಅನ್ನದಲ್ಲೂ ಮರಳು."

ಪಡುವಣ ಗಾಳಿಯೆಂದರೆ ಗ್ರೀಕರಿಗೆ ಹೂ ಚೆಲ್ಲುವ ಜೆಫಿರೊಸ್, ವಸಂತದ ದೂತ. ಇಂಗ್ಲಿಷಿನಲ್ಲಿ ಈಗಲೂ ತಂಗಾಳಿಗೆ 'ಜೆಫಿರ್' ಎನ್ನುತ್ತಾರೆ. ಅರಬರಲ್ಲಿ ಇದು ತಿರುವುಮುರುವು. ಅವರಿಗೆ ಹಿತವಾದದ್ದು ಪೂರ್ವದ 'ಸಬಾ', ಪಶ್ಚಿಮದ್ದು 'ದಬೂರ್'. ತನಗೆ ಸಬಾದಿಂದ ನೆರವು ದೊರೆಯಿತು, ಆದ್ ಜನಾಂಗ ದಬೂರ್‌ನಿಂದ ನಾಶವಾಯಿತು ಎಂಬ ಅರ್ಥದ ಪ್ರವಾದಿ(ಸ)ವಚನ ಬುಖಾರಿಯಲ್ಲಿದೆ. ಸಬಾ ಮುಂದೆ ಫಾರ್ಸಿ, ಉರ್ದು ಕಾವ್ಯಗಳಲ್ಲಿ ಪ್ರಿಯರ ಸಂದೇಶ ತರುವ ಗಾಳಿಯಾಯಿತು. ನಮ್ಮ ಹೆಣ್ಣುಮಕ್ಕಳ ಹೆಸರಾಯಿತು. ನಸೀಮಾ ಎಂದರೂ ತಂಗಾಳಿಯೇ. ಒರೈಥಿಯಾಳನ್ನು ಹೊತ್ತೊಯ್ದ ಬೊರೆಯಾಸ್‌ಗಿಂತ ಮಗಳ ಹೆಸರಾಗಿ ಮನೆಯೊಳಗಿರುವ ಗಾಳಿ ಎಷ್ಟೋ ವಾಸಿ!

'ತೂಫಾನು' ಎಂಬ ಪದ ನಮಗೆ ಅರಬಿ, ಫಾರ್ಸಿಗಳ ಮೂಲಕ ಬಂತು. ಕುರ್‌ಆನಿನಲ್ಲಿ ಅದು ನೂಹ್(ಅ)ರ ಕಾಲದ ಪ್ರಳಯಕ್ಕೆ ಬಳಕೆಯಾಗಿದೆ. ಗ್ರೀಕರಲ್ಲಿ ಟೈಫೋನ್ ಎಂಬ ದೈತ್ಯನಿದ್ದಾನೆ, ಹಡಗು ಮುಳುಗಿಸುವ ಕೆಟ್ಟ ಗಾಳಿಗಳೆಲ್ಲ ಅವನಿಂದ ಹುಟ್ಟಿದವು. ಇಂಗ್ಲಿಷಿನ 'ಟೈಫೂನ್'ನಲ್ಲಿ ಗ್ರೀಕ್, ಅರಬಿ, ಚೀನೀ ಪದಗಳ ನೀರು ಬೆರೆತು ಯಾವುದು ಯಾರದೆಂದು ಬಿಡಿಸುವುದೇ ಕಷ್ಟವಾಗಿದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಜೋಡಿ ಬೇರೆ. ನಮ್ಮ ಸೆರಗು ಎಳೆದಾಡಿದ ಆ ಬೇಸಗೆಯ ಉತ್ತರದ ಗಾಳಿಗೆ ಈಗಿನ ಹೆಸರು 'ಮೆಲ್ತೆಮಿ', ತುರ್ಕಿ ಪದ. ಹಳೆಯ ಗ್ರೀಕರು ಅದನ್ನು 'ಎತೇಸಿಯ' ಎನ್ನುತ್ತಿದ್ದರು, ಅಂದರೆ ವರ್ಷ ವರ್ಷವೂ ಬರುವುದು. ಅರಬರು ಹಿಂದೂ ಮಹಾಸಾಗರದ ಗಾಳಿಗೆ 'ಮೌಸಿಮ್' ಎಂದರು, ಅಂದರೆ ಗೊತ್ತಾದ ಕಾಲ. ಎರಡರಲ್ಲೂ ದೇವರ ಹೆಸರಿಲ್ಲ, ದೈತ್ಯನಿಲ್ಲ. ಬಂದೇ ಬರುತ್ತದೆ ಎಂಬ ನಂಬಿಕೆಯೇ ಹೆಸರು. ಮೌಸಿಮ್ ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ ಇಂಗ್ಲಿಷಿಗೆ ಹೋಗಿ 'ಮಾನ್ಸೂನ್' ಆಗಿ ನಮ್ಮ ಪತ್ರಿಕೆಗಳಿಗೆ ಬಂತು. ಉರ್ದುವಿನ 'ಮೌಸಮ್' ಆಗಿಯೂ ನಮ್ಮಲ್ಲಿ ಉಳಿಯಿತು. ಒಂದೇ ಪದ ಎರಡು ಬಾಗಿಲಿನಿಂದ ಮನೆಯೊಳಗೆ ಬಂದಿದೆ.

ಈ ಗಾಳಿ ಹಿಡಿದು ಸಮುದ್ರದ ನಡುವಿನಿಂದ ಭಾರತಕ್ಕೆ ಬರುವ ದಾರಿಯನ್ನು ಗ್ರೀಕರಿಗೆ ತೋರಿಸಿದವನು ಹಿಪ್ಪಾಲೊಸ್ ಎಂಬ ನಾವಿಕ ಎಂದು ಒಂದನೇ ಶತಮಾನದ ಗ್ರೀಕ್ ವ್ಯಾಪಾರಿಯೊಬ್ಬನ ಪುಸ್ತಕ ಹೇಳುತ್ತದೆ. ಗಾಳಿಗೂ ಅವನದೇ ಹೆಸರಾಯಿತು. ಅರಬರಿಗೂ ನಮ್ಮ ಕರಾವಳಿಯವರಿಗೂ ಆ ಗಾಳಿ ಅದಕ್ಕೂ ಮೊದಲೇ ತಿಳಿದಿತ್ತೆನ್ನಿ. ಅದೇ ಗಾಳಿಯ ದಾರಿಯಲ್ಲಿ ಬಂದ ಅರಬ್ ವರ್ತಕರ ಗುರುತು ಮಂಗಳೂರು, ಭಟ್ಕಳ, ಹೊನ್ನಾವರದ ಮನೆಗಳಲ್ಲಿ ಇಂದಿಗೂ ಇದೆ. 14ನೇ ಶತಮಾನದಲ್ಲಿ ಹೊನ್ನಾವರ ನೋಡಿದ ಇಬ್ನು ಬತೂತ, ಅಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳಿದ್ದವೆಂದೂ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾನೆ.

ಐಯೋಲೊಸ್ ಈಗೇನು ಮಾಡುತ್ತಿದ್ದಾನೆ? ಗಾಳಿ ತಂದು ಹಾಕಿದ ಮರಳಿನ ದಿಬ್ಬಗಳನ್ನು ಭೂವಿಜ್ಞಾನಿಗಳು 'ಇಯೋಲಿಯನ್' ಎಂದು ವರ್ಗೀಕರಿಸುತ್ತಾರೆ, ಮಂಗಳ ಗ್ರಹದ ದಿಬ್ಬಗಳನ್ನೂ ಸೇರಿಸಿ. ಕಿಟಕಿಯಲ್ಲಿಟ್ಟರೆ ಗಾಳಿಯೇ ನುಡಿಸುವ ತಂತಿವಾದ್ಯಕ್ಕೆ ಇಯೋಲಿಯನ್ ಹಾರ್ಪ್ ಎಂದು ಹೆಸರು. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳು ಗ್ರೀಕ್ ದ್ವೀಪಗಳಲ್ಲೂ ಇವೆ. ಅವುಗಳಿಂದ ಬರುವ ವಿದ್ಯುತ್ತಿಗೆ ಅಲ್ಲಿನ ಸರಕಾರಿ ಕಡತಗಳಲ್ಲೂ ಐಯೋಲೊಸ್‌ನ ಹೆಸರೇ. ಗಾಳಿಗೆ ಹಳೆಯ ಗ್ರೀಕ್ ಪದ 'ಅನೆಮೊಸ್', ಹವಾಮಾನ ಕಚೇರಿಯ ಅನಿಮೊಮೀಟರ್ ಅದರಿಂದ ಬಂದದ್ದು.

ಮರುದಿನ ನಾವು ದ್ವೀಪವೊಂದಕ್ಕೆ ಹೋಗಬೇಕಿತ್ತು. ಬೆಳಗ್ಗೆಯೇ ಪಿರೇಯಸ್ ಬಂದರಿಗೆ ಹೋದರೆ ಹಡಗು ರದ್ದು. ಗಾಳಿಯ ಬಲ ಬೊಫೋರ್ ಮಾಪನದಲ್ಲಿ 8 ಮುಟ್ಟಿದರೆ ಪ್ರಯಾಣಿಕರ ಹಡಗುಗಳನ್ನು ದಡದಲ್ಲೇ ನಿಲ್ಲಿಸುವುದು ಅಲ್ಲಿನ ವಾಡಿಕೆ. ಚೀಲ, ಮಕ್ಕಳು, ಮೊಸರಿನ ಡಬ್ಬಿಗಳ ನಡುವೆ ಕುಳಿತಿದ್ದ ಒಬ್ಬ ಅಜ್ಜಿ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಎಷ್ಟು ದಿನ ಹೀಗೆ ಎಂದು ನಮ್ಮವರು ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಮೂರು ಬೆರಳು ತೋರಿಸಿದಳು. ಆಮೇಲೆ ಸಮುದ್ರದ ಕಡೆ ಗಲ್ಲ ಎತ್ತಿ "ವೊರಿಯಾಸ್" ಎಂದಳು. ಇಂದಿನ ಗ್ರೀಕಿನಲ್ಲಿ ಉತ್ತರದ ಗಾಳಿಗೆ ಅದೇ ಹೆಸರು. ಬೊರೆಯಾಸ್ ಉಚ್ಚಾರ ತುಸು ಸವೆದು ವೊರಿಯಾಸ್ ಆಗಿದ್ದಾನೆ, ಅಷ್ಟೇ. ಅಜ್ಜಿ ಚೀಲದಿಂದ ಬ್ರೆಡ್ ತೆಗೆದು ಮುರಿದು ಮಗಳ ಕೈಗೂ ಒಂದು ತುಂಡು ಕೊಟ್ಟಳು.